ಕಾಫಿ ಒಳಗಿಟ್ಟು ಬಾಗಿಲು ಮುಚ್ಚಿ ಬಂದವರಿಗೆ

ಮೈಸೂರಿನ ಸಹೋದರಿಯೊಬ್ಬರ ಪತ್ರ ನಾಲ್ಕು ದಿನದಿಂದ ನನ್ನ ಮೇಜಿನ ಮೇಲಿದೆ. ದಿನಾ ತೆಗೆದು ಓದುತ್ತೇನೆ, ಓದಿದಾಗಲೆಲ್ಲ ಎದೆ ಭಾರವಾಗುತ್ತದೆ. ಈ ವಾರ ಬೇರೆ ಪತ್ರಗಳನ್ನು ಪಕ್ಕಕ್ಕಿಟ್ಟು ಇದೊಂದಕ್ಕೇ ಉತ್ತರ ಬರೆಯುತ್ತಿದ್ದೇನೆ.

ಅವರಿಗೆ 38 ವರ್ಷ. ಖಾಸಗಿ ಶಾಲೆಯಲ್ಲಿ ಗಣಿತದ ಟೀಚರ್. ಮನೆಯಲ್ಲಿ ಗಂಡ, ಇಬ್ಬರು ಮಕ್ಕಳು, ಮಂಡಿನೋವಿನ ಅತ್ತೆ. ಶನಿವಾರ ಸಂಜೆ ಕ್ವಾಯರ್ ಅಭ್ಯಾಸ, ಭಾನುವಾರ ಸಂಡೇ ಸ್ಕೂಲ್, ನಡುವೆ ಸ್ತ್ರೀಯರ ಕೂಟ. "ದೇವರ ಕೆಲಸ ಇಷ್ಟೆಲ್ಲ ಮಾಡ್ತೀನಿ. ದೇವರ ಹತ್ತಿರ ಹತ್ತು ನಿಮಿಷ ಸುಮ್ನೆ ಕೂರೋಕೆ ಆಗ್ತಿಲ್ಲ" ಎಂದು ಬರೆದಿದ್ದಾರೆ. ನಾಲ್ಕೂವರೆಗೆ ಅಲಾರಂ ಇಟ್ಟು ಎದ್ದರು. ಸತ್ಯವೇದದ (ಬೈಬಲಿನ) ಮೇಲೇ ತಲೆಯಿಟ್ಟು ನಿದ್ದೆಹೋದರು. ಈಗ ಪ್ರಾರ್ಥನೆ ಎಂದರೆ ಮನಸ್ಸು ಚುಚ್ಚುತ್ತದಂತೆ. "ನಾನು ಮಾರ್ಥಳಾಗೇ ಉಳಿದುಬಿಟ್ಟೆ" ಎಂದು ಪತ್ರ ಮುಗಿಸಿದ್ದಾರೆ. ಯೇಸು ಮನೆಗೆ ಬಂದಾಗ ತಂಗಿ ಮರಿಯಳು ಅವರ ಪಾದದ ಬಳಿ ಕೂತು ಮಾತು ಕೇಳುತ್ತಿದ್ದರೆ, ಉಪಚಾರದ ಕೆಲಸದಲ್ಲೇ ಮುಳುಗಿಹೋದವಳು ಈ ಮಾರ್ಥ.

ಅತ್ತೆಯ ಮೇಲೆ ಒಂದು ಪುಟ ದೂರಿದೆ. ನಾಲ್ಕೂವರೆಗೆ ಏಳದವರನ್ನು ಎಲ್ಲರ ಮುಂದೆ ಕೈ ಎತ್ತಿಸಿದ ಬೋಧಕರೊಬ್ಬರ ಬಗ್ಗೆ ಅರ್ಧ ಪುಟವಿದೆ. ಗಂಡನ ಬಗ್ಗೆ ಮಾತ್ರ ಎರಡೇ ಸಾಲು, ಅದೂ ಹೊಗಳಿಕೆ: "ನಮ್ಮೆಜಮಾನ್ರು ಈ ವಿಷಯದಲ್ಲಿ ತುಂಬಾ ಶಿಸ್ತು. ದಿನಾ ಐದೂವರೆಯಿಂದ ಆರೂಕಾಲರ ತನಕ ರೂಮಿನ ಬಾಗಿಲು ಹಾಕ್ಕೊಂಡು ಧ್ಯಾನ ಮಾಡ್ತಾರೆ. ನಾನು ಕಾಫಿ ಒಳಗಿಟ್ಟು ಬಾಗಿಲು ಮುಚ್ಚಿ ಬರ್ತೀನಿ, ಮಕ್ಕಳು ಗಲಾಟೆ ಮಾಡದ ಹಾಗೆ ನೋಡ್ಕೋತೀನಿ."

ಸಹೋದರಿ, ಈ ಎರಡು ಸಾಲನ್ನು ನೀವೇ ಇನ್ನೊಮ್ಮೆ ಓದಿ. ನಿಮ್ಮ ಮನೆಯಲ್ಲಿ ದಿನಾ ಮುಕ್ಕಾಲು ಗಂಟೆ ಏಕಾಂತ ಇದೆ. ಅದನ್ನು ಕಾಯುತ್ತಿರುವವರು ನೀವು, ಒಳಗೆ ಕೂತವರು ಅವರು. ನೀವು ಹೊರಗೆ ಕುಕ್ಕರ್ ಇಟ್ಟು, ಡಬ್ಬಿ ಕಟ್ಟಿ, ಮಕ್ಕಳ ಬಾಯಿ ಮುಚ್ಚಿಸುವುದರಿಂದ ಅವರ ಶಿಸ್ತು ನಡೆಯುತ್ತಿದೆ. ಅವರ ಭಕ್ತಿ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಆದರೆ ಆ ಬಾಗಿಲಿನ ಆಚೆ ತನ್ನ ಹೆಂಡತಿಯ ಆತ್ಮವೂ ಹಸಿದಿದೆ ಎಂದು ಇಷ್ಟು ವರ್ಷದಲ್ಲಿ ಒಂದು ದಿನವೂ ಅವರಿಗೆ ಅನಿಸಲಿಲ್ಲವಲ್ಲ, ಅದು ನನಗೆ ನೋವು ತಂದಿದೆ.

ಬೆಳಗಿನ ಜಾವದ ಪ್ರಾರ್ಥನೆ ಎಂದ ಕೂಡಲೇ ಎಲ್ಲರೂ ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯ ತೆಗೆಯುತ್ತಾರೆ. ಇನ್ನೂ ಕತ್ತಲಿರುವಾಗಲೇ ಯೇಸು ಎದ್ದು ಅಡವಿಯ ಕಡೆ ಹೋದರು ಎಂಬ 35ನೇ ವಚನ. ಸರಿ. ಆದರೆ ಯೋಹಾನನ ಸುವಾರ್ತೆಯ 21ನೇ ಅಧ್ಯಾಯದ ಬೆಳಗನ್ನು ಯಾಕೆ ಯಾರೂ ಹೇಳುವುದಿಲ್ಲ? ಶಿಷ್ಯರು ರಾತ್ರಿಯೆಲ್ಲ ಬಲೆ ಬೀಸಿ ಸುಸ್ತಾಗಿದ್ದಾರೆ. ದಡಕ್ಕೆ ಬಂದರೆ ಅಲ್ಲಿ ಕೆಂಡ ಉರಿಯುತ್ತಿದೆ, ಮೇಲೆ ಮೀನಿದೆ, ಪಕ್ಕದಲ್ಲಿ ರೊಟ್ಟಿ. ಮರಣವನ್ನು ಗೆದ್ದು ಬಂದ ಕರ್ತನಾದ ಯೇಸು ಬೆಳಗಿನ ತಿಂಡಿ ಮಾಡಿಟ್ಟು, ಬಂದು ಊಟಮಾಡಿ ಎಂದು ಕರೆಯುತ್ತಾನೆ. ತಾನೇ ಕೈಯಾರೆ ಬಡಿಸುತ್ತಾನೆ. ಒಲೆಯ ಮುಂದೆ ಕೂತರೆ ಗಂಡಸಿನ ಭಕ್ತಿಗೆ ಕಡಿಮೆ ಎಂದುಕೊಂಡವರು ಆ ದಡವನ್ನು ಕಣ್ಣಿಗೆ ತಂದುಕೊಳ್ಳಬೇಕು.

ನಿದ್ದೆ ಬಂದದ್ದು ಪಾಪವಲ್ಲ. ಇದನ್ನು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ಮತ್ತೆ ಬರೆಯುತ್ತೇನೆ. ಪ್ರವಾದಿ ಎಲೀಯನು ಸೋತು, ಸಾಯಬೇಕು ಎಂದು ಮರದ ಕೆಳಗೆ ಮಲಗಿದಾಗ ದೇವರು ಬುದ್ಧಿ ಹೇಳಲಿಲ್ಲ. ಮಲಗಲು ಬಿಟ್ಟರು. ದೂತನನ್ನು ಕಳಿಸಿ ರೊಟ್ಟಿ, ನೀರು ಕೊಟ್ಟರು. ಮತ್ತೆ ಮಲಗಿದ, ಮತ್ತೆ ಎಬ್ಬಿಸಿ ತಿನ್ನಿಸಿದರು. ಹೋರೇಬ್ ಬೆಟ್ಟದಲ್ಲಿ ದೇವರ ಆ ಮೆಲ್ಲನೆಯ ದನಿ ಅವನಿಗೆ ಕೇಳಿಸಿದ್ದು ಅದೆಲ್ಲ ಆದ ಮೇಲೆ. ನೀವು ರಾತ್ರಿ ಹನ್ನೊಂದಕ್ಕೆ ಮಲಗುವವರು. ನಾಲ್ಕೂವರೆಯ ಅಲಾರಂ ಇವತ್ತೇ ತೆಗೆದುಹಾಕಿ. ಕೈ ಎತ್ತಿಸಿದ ಆ ಬೋಧಕರ ಮನೆಯಲ್ಲಿ ಬೆಳಿಗ್ಗೆ ಅಡುಗೆ ಯಾರು ಮಾಡುತ್ತಾರೆ ಎಂದು ಅವರನ್ನು ಕೇಳುವ ಆಸೆ ನನಗಿದೆ.

ಸೂಸನ್ನ ವೆಸ್ಲಿಯವರ ಕಥೆ ನೀವೂ ಕೇಳಿರುತ್ತೀರಿ. ನಿಮ್ಮ ಊರಲ್ಲಿ ಸಭೆ, ಶಾಲೆ ಕಟ್ಟಿದ ವೆಸ್ಲಿಯನ್ ಮಿಷನ್ನಿನ ಹೆಸರು ಅವರ ಮಗ ಜಾನ್ ವೆಸ್ಲಿಯದೇ. ಇಂಗ್ಲೆಂಡಿನ ಎಪ್‌ವರ್ತ್‌ನಲ್ಲಿ ಗಂಡ ಸಭಾಪಾಲಕ. ಅವರು ಹೆತ್ತದ್ದು 19 ಮಕ್ಕಳು, ಉಳಿದದ್ದು 10. ಪ್ರಾರ್ಥಿಸಲು ಜಾಗವಿಲ್ಲದೆ, ಉಟ್ಟ ಏಪ್ರನ್ನನ್ನೇ ತಲೆಯ ಮೇಲೆ ಎಳೆದುಕೊಂಡು ಕೂರುತ್ತಿದ್ದರಂತೆ. ಆಗ ಅಮ್ಮನನ್ನು ಕರೆಯಬಾರದು ಎಂದು ಮಕ್ಕಳಿಗೆ ಗೊತ್ತಿತ್ತಂತೆ. ಈ ಕಥೆಯನ್ನು ಸ್ತ್ರೀಯರ ಕೂಟಗಳಲ್ಲಿ ಮಾದರಿ ಎಂದು ಹೇಳುತ್ತಾರೆ. ನನಗೆ ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಅಷ್ಟು ದೊಡ್ಡ ಹೆಂಗಸಿಗೆ ದೇವರ ಮುಂದೆ ಕೂರಲು ಒಂದು ಬಟ್ಟೆಯ ಮರೆ ಸಾಕಾಯಿತೇ?

ನನ್ನ ಅಮ್ಮನಿಗೆ ಅದೂ ಇರಲಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಅಡುಗೆಮನೆಯ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದಳು. ನಾವು ಮಕ್ಕಳು ಸರಿಯಾಗಿ ಆಗಲೇ "ಅಮ್ಮಾ, ಬಾಚಣಿಗೆ ಎಲ್ಲಿ?" ಎಂದು ಕೂಗುತ್ತಿದ್ದೆವು. ಅವಳು ಕಣ್ಣು ತೆರೆದು ಎದ್ದು ಬರುತ್ತಿದ್ದಳು. ಒಂದು ಸಲವೂ ಗದರಲಿಲ್ಲ. ಎದ್ದು ಬರುವ ಮುಂಚೆ ಅವಳು ಯಾವ ಮಾತಿನ ಅರ್ಧದಲ್ಲಿದ್ದಳೋ, ಇವತ್ತಿಗೂ ಯೋಚಿಸುತ್ತೇನೆ.

ಅದಕ್ಕೇ ನಿಮ್ಮ ಅತ್ತೆಯ ಮೇಲೆ ನನಗೆ ಸಿಟ್ಟು ಬರಲಿಲ್ಲ. "ನಿನ್ನ ವಯಸ್ಸಲ್ಲಿ ನನಗೂ ಪುರುಸೊತ್ತು ಇರಲಿಲ್ಲ" ಎಂದು ಅವರು ಹೇಳಿದ್ದನ್ನು ನೀವು ಚುಚ್ಚುಮಾತು ಎಂದು ಬರೆದಿದ್ದೀರಿ. ನನಗೆ ಅದು ಅವರ ದುಃಖದ ಹಾಗೆ ಕೇಳಿಸಿತು. ಒಮ್ಮೆ ಪಕ್ಕದಲ್ಲಿ ಕೂತು, ಆಗ ನೀವು ಯಾವಾಗ ಪ್ರಾರ್ಥನೆ ಮಾಡ್ತಿದ್ರಿ ಅತ್ತೆ, ಎಂದು ಕೇಳಿ ನೋಡಿ.

ಕ್ವಾಯರ್ ಬಿಡಬೇಕಾ, ಸಂಡೇ ಸ್ಕೂಲ್ ಬಿಡಬೇಕಾ ಎಂದು ಕೇಳಿದ್ದೀರಿ. ಏನೂ ಬಿಡಬೇಡಿ. ಮಾಡಬೇಕಾದ್ದು ಒಂದೇ ಕೆಲಸ. ಸೋಮ, ಬುಧ, ಶುಕ್ರ ಬೆಳಿಗ್ಗೆ ಐದೂವರೆಗೆ ಆ ರೂಮು ನಿಮ್ಮದು. ಉಳಿದ ದಿನ ಅವರದು. ಈ ಭಾನುವಾರ ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಯೋಹಾನ 21 ಓದಲು ಅವರಿಗೇ ಕೊಡಿ. ಓದಿ ಮುಗಿದ ಮೇಲೆ, "ರೀ, ನಾಳೆ ಬೆಳಿಗ್ಗೆ ತಿಂಡಿ, ಡಬ್ಬಿ ನಿಮ್ಮದು" ಎಂದು ಹೇಳಿ. ಕೇಳಬೇಡಿ, ಹೇಳಿ. ಅವರು ದೇವರನ್ನು ಪ್ರೀತಿಸುವವರು ಎಂದು ನೀವೇ ಬರೆದಿದ್ದೀರಲ್ಲ, ಅರ್ಥ ಮಾಡಿಕೊಳ್ಳುತ್ತಾರೆ.

ಒಳಗೆ ಹೋಗುವಾಗ ಮೊಬೈಲು ಹೊರಗೇ ಇರಲಿ, ಕೈಯಲ್ಲಿ ಪುಸ್ತಕದ ಸತ್ಯವೇದ ಇರಲಿ. ಓದಲು ಆಗದಿದ್ದರೆ ಸುಮ್ನೆ ಕೂತಿರಿ. ನಿದ್ದೆ ಬಂದರೆ ಮಲಗಿ. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಹೊರಗಿನಿಂದ ಯಾರಾದರೂ ಕೂಗಿದರೆ ಉತ್ತರ ಕೊಡಬೇಡಿ. ಹುಡುಕಿದರೆ ಸಿಗುತ್ತದೆ. ಆರೂಕಾಲರ ತನಕ ಚಿಲಕ ತೆಗೆಯಬೇಡಿ.