ಹೋಗುವಾಗ ಎರಡೂವರೆ ತಾಸು, ಬರುವಾಗ ಎರಡು ದಿನವೇ?

ಪ್ರಶ್ನೆ: ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ಮಗ ಡಿಸೆಂಬರ್ ರಜೆಗೆ ಊರಿಗೆ ಬಂದು ಜನವರಿಯಲ್ಲಿ ಮರಳುವವನಿದ್ದಾನೆ. ಸೋಮವಾರ ರಾತ್ರಿ 9ಕ್ಕೆ ಅಲ್ಲಿಂದ ಹೊರಟು ಬುಧವಾರ ಬೆಳಗಿನ ಜಾವ 4ಕ್ಕೆ ಬೆಂಗಳೂರು ತಲುಪುವುದಾಗಿ ಬರುವ ಟಿಕೆಟ್ಟಿನಲ್ಲಿದೆ. ಮರಳುವ ಟಿಕೆಟ್ಟಿನಲ್ಲಾದರೋ ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ 4.30ಕ್ಕೆ ತಲುಪುವುದಾಗಿದೆ. ಎರಡೂ ನೇರ ವಿಮಾನಗಳೇ. ದೂರ ಒಂದೇ ಇರುವಾಗ ಹೀಗೇಕೆ? ಅವನನ್ನು ಕರೆತರಲು ನಾವು ಯಾವಾಗ ಹೊರಡಬೇಕು?
– ಓದುಗರೊಬ್ಬರು, ಶಿರಸಿ

ಉತ್ತರ: ಟಿಕೆಟ್ಟಿನಲ್ಲಿ ಹೊರಡುವ ಮತ್ತು ತಲುಪುವ ವೇಳೆಗಳನ್ನು ಆಯಾ ಊರಿನ ಗಡಿಯಾರದಂತೆ ನಮೂದಿಸುವುದರಿಂದ, ಅವುಗಳನ್ನು ನೇರವಾಗಿ ಕಳೆದರೆ ಲೆಕ್ಕ ತಪ್ಪುತ್ತದೆ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹದಿಮೂರೂವರೆ ತಾಸು ಹಿಂದಿರುತ್ತದೆ. ಬೇಸಿಗೆಯಲ್ಲಿ ಅಲ್ಲಿ ಗಡಿಯಾರವನ್ನು ಒಂದು ತಾಸು ಮುಂದಿಡುವುದರಿಂದ ಅಂತರ ಹನ್ನೆರಡೂವರೆಗೆ ಇಳಿಯುತ್ತದೆ. ಹದಿಮೂರೂವರೆಯನ್ನು ಸರಿದೂಗಿಸಿ ನೋಡಿದರೆ ನಿಮ್ಮ ಮಗನ ಪ್ರಯಾಣ ಹೋಗುವಾಗ 16 ತಾಸು, ಬರುವಾಗ ಹದಿನೇಳೂವರೆ ತಾಸು. ಗಡಿಯಾರದ ಮಾಯೆ ಇಲ್ಲಿಗೆ ಮುಗಿಯಿತು. ಉಳಿದ ಒಂದೂವರೆ ತಾಸಿನ ವ್ಯತ್ಯಾಸ ಮಾತ್ರ ನಿಜವಾದದ್ದು.

ಅದಕ್ಕೆ ಕಾರಣ ಗಾಳಿ. ವಿಮಾನಗಳು ಹಾರುವ ಹತ್ತು–ಹನ್ನೆರಡು ಕಿ.ಮೀ. ಎತ್ತರದಲ್ಲಿ, ಮಧ್ಯ ಅಕ್ಷಾಂಶಗಳ ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆ ಹರಿಯುತ್ತಿರುತ್ತದೆ. ಚಳಿಗಾಲದಲ್ಲಿ ಅದರ ವೇಗ ತಾಸಿಗೆ 200 ಕಿ.ಮೀ. ದಾಟುವುದೂ ಉಂಟು. ಕಾಳಿ ನದಿಯಲ್ಲಿ ಇಳಿತದ ಹೊತ್ತಿಗೆ ಸಮುದ್ರದತ್ತ ಸಾಗುವ ದೋಣಿಗೂ ಹರಿವಿಗೆ ಎದುರಾಗಿ ಕದ್ರಾದತ್ತ ಹೊರಟ ದೋಣಿಗೂ ಇರುವಂಥದೇ ವ್ಯತ್ಯಾಸ ಇಲ್ಲಿಯೂ ಇದೆ. ಎರಡು ನಿಲ್ದಾಣಗಳ ನಡುವಿನ ಕನಿಷ್ಠ ದೂರ ಸುಮಾರು 14,000 ಕಿ.ಮೀ., ವಿಮಾನದ ವೇಗ ತಾಸಿಗೆ 900 ಕಿ.ಮೀ. ಎಂದಿಟ್ಟುಕೊಳ್ಳೋಣ. ಸರಾಸರಿ 50 ಕಿ.ಮೀ. ವೇಗದ ಗಾಳಿ ಬೆನ್ನಿಗಿದ್ದರೆ ಹದಿನಾಲ್ಕು ಮುಕ್ಕಾಲು ತಾಸು ಸಾಕು. ಅದೇ ಗಾಳಿ ಎದುರಾದರೆ ಹದಿನಾರೂವರೆ ತಾಸು ಬೇಕು. ನಿಲ್ದಾಣದೊಳಗಿನ ಓಡಾಟ, ಏರಿಳಿತಗಳ ಸಮಯ ಬೇರೆ.

ಈ 14,000 ಕಿ.ಮೀ. ಎಂಬುದು ಭೂಗೋಳದ ಮೇಲೆ ಬಿಗಿಯಾಗಿ ದಾರ ಎಳೆದಾಗ ಸಿಗುವ ದೂರ. ಎರಡು ಊರುಗಳ ರೇಖಾಂಶಗಳ ನಡುವೆ ಸುಮಾರು 160 ಡಿಗ್ರಿ ಅಂತರವಿರುವುದರಿಂದ, ಈ ದಾರ ಗೋಡೆಯ ನಕಾಶೆಯಲ್ಲಿ ಕಾಣುವಂತೆ ಅಡ್ಡಲಾಗಿ ಸಾಗದೆ ಉತ್ತರ ಧ್ರುವದತ್ತ ಬಹಳವಾಗಿ ಬಾಗಿ ಹಾದುಹೋಗುತ್ತದೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಧ್ರುವದ ಮೇಲಿಂದ ಹಾರಿಸಿ ತಂದಿದ್ದರು. ಹೋಗುವಾಗ ಮಾತ್ರ, ದೂರ ಹೆಚ್ಚಾದರೂ ಬೆನ್ನಿಗೆ ಗಾಳಿ ಸಿಗಲೆಂದು, ಪೆಸಿಫಿಕ್ ಸಾಗರದ ಮೇಲಿನ ದಾರಿಯನ್ನು ಹಿಡಿಯುವುದಿದೆ. ಆದ್ದರಿಂದ ಬರೀ ಕಿಲೋಮೀಟರು ನೋಡಿ ಸಮಯ ಅಂದಾಜಿಸುವುದು ಅಷ್ಟಾಗಿ ಉಪಯೋಗವಿಲ್ಲದ ಕೆಲಸ.

ಇನ್ನು ನಿಮ್ಮ ಹೊರಡುವ ವೇಳೆ. ಶಿರಸಿಯಿಂದ ಬೆಂಗಳೂರು ಸುಮಾರು 400 ಕಿ.ಮೀ.; ವಿಮಾನ ನಿಲ್ದಾಣ ಇರುವುದು ಊರಾಚೆ ದೇವನಹಳ್ಳಿಯ ಬಳಿ. ಮಂಗಳವಾರ ರಾತ್ರಿಯ ಬಸ್ಸು ಹಿಡಿದರೆ ಮಗನೇ ನಿಮಗಾಗಿ ಕಾಯಬೇಕಾದೀತು. ಮಂಗಳವಾರ ಬೆಳಿಗ್ಗೆ ತಿಂಡಿ ಮುಗಿಸಿ ಹೊರಟುಬಿಡಿ. ಅವನು ವಿಮಾನ ಹತ್ತುವುದು ನಮ್ಮ ಗಡಿಯಾರದಲ್ಲಿ ಅಂದೇ ಬೆಳಿಗ್ಗೆ ಹತ್ತೂವರೆಗೆ.