ಒಂದು ಕೋರಿಕೆಯ ಪತ್ರ ಮತ್ತು 300 ಪುಟಗಳ ಒಂದು ಪುಸ್ತಕ

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ: ವಿಶೇಷ ಪ್ರತಿಭೆಯಾಗಲಿ, ದೊಡ್ಡವರ ಶಿಫಾರಸಾಗಲಿ ಇಲ್ಲದವನು ಒಳ್ಳೆಯ ನಡತೆ, ಸ್ವಂತ ಮುತುವರ್ಜಿ ಮತ್ತು ಕಲಿಕೆಯ ಬಲದಿಂದಲೇ ಮೇಲೆ ಬರಬಹುದೇ, ಬರಬಹುದಾದರೆ ಎಲ್ಲಿಂದ ಆರಂಭಿಸಬೇಕು, ಫಲ ಕಾಣಲು ಎಷ್ಟು ದಿನ ಬೇಕು. ಆರು ವರ್ಷ ನಿಷ್ಠೆಯಿಂದ ದುಡಿದರೂ ಯಾರ ಕಣ್ಣಿಗೂ ಬಿದ್ದಿಲ್ಲ ಎಂಬ ನೋವನ್ನೂ ತೋಡಿಕೊಂಡಿದ್ದೀರಿ. ಆ ನೋವನ್ನು ನಾನೂ ಉಂಡವನಾದ್ದರಿಂದ ತುಸು ವಿವರವಾಗಿಯೇ ಉತ್ತರಿಸುತ್ತೇನೆ.

ಮೇಲೆ ಬರಬಹುದು. ಆದರೆ ಅವಕಾಶವನ್ನು ಕೇಳುವ ಮೊದಲೇ ಕೆಲಸವನ್ನು ಮಾಡಿರಬೇಕು, ಮತ್ತು ಅದು ಇನ್ನೊಬ್ಬರು ಕೈಗೆತ್ತಿಕೊಂಡು ತಿರುವಿ ನೋಡಬಹುದಾದ ರೂಪದಲ್ಲಿರಬೇಕು. ಇದನ್ನು ನನಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಲಿಸಿದ್ದು ವಿಜ್ಞಾನಿ ಮೈಕೆಲ್ ಫ್ಯಾರಡೆಯ ಬದುಕು. 1791ರಲ್ಲಿ ಕಮ್ಮಾರನ ಮಗನಾಗಿ ಹುಟ್ಟಿದ ಆತ 14ನೆಯ ವಯಸ್ಸಿಗೆ ಲಂಡನ್ನಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕಸುಬಿಗೆ ಸೇರಿ, ಕಟ್ಟಲು ಬಂದ ಪುಸ್ತಕಗಳನ್ನೇ ಓದುತ್ತ ವಿದ್ಯುತ್ತು ಮತ್ತು ರಸಾಯನಶಾಸ್ತ್ರದ ಪರಿಚಯ ಮಾಡಿಕೊಂಡ. ವಿಜ್ಞಾನದ ಕೆಲಸ ಯಾವುದಾದರೂ ಸಿಕ್ಕೀತೇ ಎಂದು ಇಂಗ್ಲೆಂಡಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದ ಜೋಸೆಫ್ ಬ್ಯಾಂಕ್ಸ್ ಅವರಿಗೆ ಪತ್ರ ಬರೆದಾಗ ಉತ್ತರವೇ ಬರಲಿಲ್ಲ. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಕೊಟ್ಟ ಟಿಕೆಟ್ಟಿನಿಂದ ಹೆಸರಾಂತ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿಯವರ ನಾಲ್ಕು ಉಪನ್ಯಾಸಗಳನ್ನು ಕೇಳಿದ ಫ್ಯಾರಡೆ, ತಾನು ಗುರುತು ಹಾಕಿಕೊಂಡದ್ದನ್ನೆಲ್ಲ ವಿಸ್ತರಿಸಿ, ಚಿತ್ರಗಳನ್ನು ಬರೆದು, ಸುಮಾರು 300 ಪುಟಗಳಾದ ಆ ಬರಹಕ್ಕೆ ತಾನೇ ರಟ್ಟು ಕಟ್ಟಿ ಡೇವಿಯವರಿಗೆ ಕಳುಹಿಸಿದ. ಈ ಬಾರಿ ಉತ್ತರ ಬಂತು. ಕೆಲಸ ಕೂಡಲೇ ಸಿಗಲಿಲ್ಲ. ಡೇವಿಯವರ ಪ್ರಯೋಗಾಲಯದ ಸಹಾಯಕನೊಬ್ಬ ಜಗಳವಾಡಿ ಕೆಲಸ ಕಳೆದುಕೊಂಡ ಮೇಲೆ, 1813ರ ಮಾರ್ಚಿನಲ್ಲಿ ಆ ಜಾಗಕ್ಕೆ ಕರೆ ಬಂತು.

ಟಿಕೆಟ್ಟು ಸಿಕ್ಕಿದ್ದೂ ಜಾಗ ತೆರವಾದದ್ದೂ ಅದೃಷ್ಟವೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೇ ಉಪನ್ಯಾಸಗಳನ್ನು ಕೇಳಿ ಮನೆಗೆ ಹೋದವರು ಬಹಳ ಮಂದಿ ಇದ್ದಿರಬೇಕು. ಬ್ಯಾಂಕ್ಸ್ ಅವರಿಗೆ ಹೋದದ್ದು ಬರೀ ಕೋರಿಕೆ. ಡೇವಿಯವರ ಮೇಜಿಗೆ ಬಂದದ್ದು ತಿಂಗಳುಗಳ ಶ್ರಮ, ಶ್ರದ್ಧೆ, ತಿಳಿವಳಿಕೆ. ಬರೆದವನು ಒಬ್ಬನೇ ಆಗಿದ್ದರೂ ಎರಡನೆಯ ಬಾರಿ ಆತ ಎಂಥವನೆಂದು ಊಹಿಸಬೇಕಾದ ಅಗತ್ಯ ಓದಿದವರಿಗೆ ಇರಲಿಲ್ಲ.

ನನ್ನ ಅನುಭವ ಅದರ ಮುಂದೆ ತೀರ ಸಣ್ಣದು, ಆದರೂ ನಿಮ್ಮ ಸ್ಥಿತಿಗೆ ಹತ್ತಿರವಾದದ್ದು. ನಾನು ಕೆಲಸ ಮಾಡುತ್ತಿದ್ದ ಲೆಕ್ಕಪತ್ರ ವಿಭಾಗದಲ್ಲಿ ತಿಂಗಳು ತಿಂಗಳೂ ಅವೇ ತಪ್ಪುಗಳು ಮರುಕಳಿಸುತ್ತಿದ್ದವು. ನಾವೆಲ್ಲ ಗೊಣಗುತ್ತ ಅವನ್ನು ತಿದ್ದಿ ಮುಂದೆ ಕಳುಹಿಸುತ್ತಿದ್ದೆವು. ಒಮ್ಮೆ, ಯಾರೂ ಹೇಳದಿದ್ದರೂ, ಪ್ರತಿಯೊಂದು ತಪ್ಪು ಯಾವ ಹಂತದಲ್ಲಿ ಹುಟ್ಟುತ್ತದೆ ಎಂಬುದನ್ನು ನಾಲ್ಕು ತಿಂಗಳು ಬರೆದಿಟ್ಟುಕೊಂಡು, ನಮೂನೆಯಲ್ಲಿ ಏನನ್ನು ಬದಲಿಸಿದರೆ ಅದು ನಿಲ್ಲುತ್ತದೆ ಎಂದು ಎರಡು ಪುಟದ ಟಿಪ್ಪಣಿ ಮಾಡಿ ಮೇಲಧಿಕಾರಿಗೆ ಒಪ್ಪಿಸಿದೆ. ಅವರು ಒಪ್ಪಿದರು. ಅದಾದ ಕೆಲವು ದಿನಗಳಿಗೆ ಆ ಟಿಪ್ಪಣಿಯ ಒಂದು ಅಂಕಿ ತಪ್ಪಾಗಿರುವುದು ನನಗೇ ಕಂಡಿತು. ತಪ್ಪು ನನ್ನ ಸಲಹೆಯ ಪರವಾಗಿಯೇ ಇತ್ತು, ನಾನು ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎರಡು ರಾತ್ರಿ ನಿದ್ದೆಗೆಟ್ಟು ಮೂರನೆಯ ದಿನ ಹೋಗಿ ಹೇಳಿದೆ. ಅವರು ಸಿಟ್ಟಾದರು, ಟಿಪ್ಪಣಿ ಒಂದು ತಿಂಗಳು ಮೂಲೆಗೆ ಬಿತ್ತು. ಆದರೆ ಆಮೇಲೆ ನಾನು ಕೊಟ್ಟ ಲೆಕ್ಕವನ್ನು ಅವರು ಮತ್ತೊಮ್ಮೆ ಕೂಡಿ ನೋಡುವುದನ್ನು ಬಿಟ್ಟರು, ಮರುವರ್ಷ ಹೊಸ ವ್ಯವಸ್ಥೆಯನ್ನು ರೂಪಿಸುವ ಹೊಣೆ ನನ್ನ ಪಾಲಿಗೆ ಬಂತು. ನಡತೆ ಎಂದು ನೀವು ಕರೆದದ್ದು ದುಡಿಮೆಯ ಜಾಗದಲ್ಲಿ ಬಹುಮಟ್ಟಿಗೆ ಇಷ್ಟೇ ಎಂದು ನನಗನ್ನಿಸುತ್ತದೆ: ನಮ್ಮ ಮಾತನ್ನು ಬೇರೆಯವರು ಮರುಪರೀಕ್ಷೆ ಮಾಡದೆ ನಂಬಬಹುದೇ ಎಂಬುದು. ಮುತುವರ್ಜಿ ಇದ್ದೂ ಈ ನಂಬಿಕೆ ಇಲ್ಲದವನನ್ನು ಕಂಡರೆ ಜನರಿಗೆ ಭಯವೇ ಹೆಚ್ಚು. ಫ್ಯಾರಡೆ ಕೂಡ ಗುರುತ್ವಕ್ಕೂ ವಿದ್ಯುತ್ತಿಗೂ ಇರಬಹುದಾದ ನಂಟನ್ನು ಹುಡುಕಿ ಸೋತಾಗ, ಫಲ ಸಿಗಲಿಲ್ಲವೆಂಬುದನ್ನೇ 1850ರಲ್ಲಿ ರಾಯಲ್ ಸೊಸೈಟಿಯ ಮುಂದಿಟ್ಟ. ಆಗ ಆತ ಜಗತ್ಪ್ರಸಿದ್ಧ, ಮುಚ್ಚಿಟ್ಟಿದ್ದರೆ ಕೇಳುವವರಿರಲಿಲ್ಲ.

ಇನ್ನು ಸ್ವಯಂ ಸುಧಾರಣೆ. ಎಷ್ಟೋ ಪುಸ್ತಕಗಳನ್ನು ಓದಿದರೂ ಏನೂ ಬದಲಾಗಲಿಲ್ಲ ಎಂದಿದ್ದೀರಿ. ಓದಿನಿಂದ ಹುಮ್ಮಸ್ಸು ಬರುತ್ತದೆ, ಆದರೆ ನಮ್ಮ ಕೊರತೆ ನಿರ್ದಿಷ್ಟವಾಗಿ ಎಲ್ಲಿದೆ ಎಂಬುದು ತಿಳಿಯುವುದಿಲ್ಲ. ಅದಕ್ಕೆ ಹೋಲಿಕೆಯ ಒರೆಗಲ್ಲು ಬೇಕು. ಅಮೆರಿಕದ ಮುತ್ಸದ್ದಿ, ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಹುಡುಗನಾಗಿದ್ದಾಗ ತನ್ನ ಬರವಣಿಗೆ ಕಳಪೆಯೆಂದು ಅರಿತು, ಸ್ಪೆಕ್ಟೇಟರ್ ಪತ್ರಿಕೆಯ ಒಳ್ಳೆಯ ಪ್ರಬಂಧಗಳ ಸಾರವನ್ನು ಚುಟುಕಾಗಿ ಗುರುತು ಹಾಕಿಕೊಂಡು, ಕೆಲವು ದಿನ ಬಿಟ್ಟು ಮೂಲವನ್ನು ನೋಡದೆ ತನ್ನ ಮಾತಿನಲ್ಲಿ ಬರೆದು, ಬಳಿಕ ಎರಡನ್ನೂ ಪಕ್ಕಪಕ್ಕ ಇಟ್ಟು ತನ್ನ ತಪ್ಪುಗಳನ್ನು ತಿದ್ದಿಕೊಳ್ಳುತ್ತಿದ್ದ. ನೀವು ಯಾವ ಕಸುಬಿನಲ್ಲಿದ್ದರೂ ಈ ವಿಧಾನ ಹೊಂದುತ್ತದೆ: ನಿಮಗಿಂತ ಬಲ್ಲವರು ಮುಗಿಸಿದ ಒಂದು ಕೆಲಸವನ್ನು ತೆಗೆದುಕೊಂಡು, ಅದನ್ನು ನೋಡದೆ ನೀವೇ ಮಾಡಿ, ವ್ಯತ್ಯಾಸವೇನೆಂದು ಬರೆದಿಡಿ. ಅದೇ ಫ್ರಾಂಕ್ಲಿನ್ ಮುಂದೆ 13 ಸದ್ಗುಣಗಳ ಪಟ್ಟಿ ಮಾಡಿ, ವಾರಕ್ಕೊಂದರಂತೆ ಗಮನವಿಟ್ಟು, ತಪ್ಪಿದಾಗಲೆಲ್ಲ ಪುಟ್ಟ ಪುಸ್ತಕದಲ್ಲಿ ಕಪ್ಪು ಚುಕ್ಕೆ ಹಾಕುತ್ತಿದ್ದ. ಅಚ್ಚುಕಟ್ಟು ಎಂಬ ಗುಣ ಕೊನೆಯವರೆಗೂ ತನಗೆ ಸಿದ್ಧಿಸಲಿಲ್ಲವೆಂದು ಆತನೇ ಒಪ್ಪಿಕೊಂಡಿದ್ದಾನೆ. ಹೀಗಾಗಿ ಎಲ್ಲವನ್ನೂ ಒಮ್ಮೆಗೇ ತಿದ್ದಿಕೊಳ್ಳಲು ಹೊರಡಬೇಡಿ.

ಎಷ್ಟು ದಿನ ಬೇಕೆಂದು ಕೇಳಿದ್ದಿರಿ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಸರಳ ದೈನಂದಿನ ರೂಢಿ ಮೈಗೂಡಲು ಸಾಮಾನ್ಯವಾಗಿ 66 ದಿನ ಹಿಡಿಯಿತು. ಆದರೆ ಜನರಿಂದ ಜನರಿಗೆ ಅದು 18ರಿಂದ 254 ದಿನಗಳವರೆಗೆ ಬದಲಾಯಿತು. ನಡುವೆ ಒಂದು ದಿನ ತಪ್ಪಿದರೆ ಹೆಚ್ಚಿನ ನಷ್ಟವೇನೂ ಆಗಲಿಲ್ಲ ಎಂಬುದೂ ಅದರಲ್ಲಿ ಕಂಡುಬಂತು. ಹಾಗಾಗಿ 21 ದಿನಗಳಲ್ಲಿ ಬದುಕು ಬದಲಾಗುತ್ತದೆ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ನಿಮ್ಮ ವಿಭಾಗದಲ್ಲಿ ಎಲ್ಲರೂ ಗೊಣಗುವ, ಯಾರೂ ಮುಟ್ಟದ ಒಂದು ತೊಂದರೆಯನ್ನು ಆರಿಸಿಕೊಂಡು ದಿನಕ್ಕೆ ಅರ್ಧ ಗಂಟೆಯಂತೆ ಮೂರು ತಿಂಗಳು ಅದರ ಬೆನ್ನು ಹತ್ತಿ, ಸಿಕ್ಕಿದ್ದನ್ನು ಎರಡು ಪುಟಕ್ಕೆ ಇಳಿಸಿ. ಒಪ್ಪಿಸುವ ಮೊದಲು ಅಂಕಿಗಳನ್ನು ಮಾತ್ರ ಇನ್ನೊಮ್ಮೆ ಕೂಡಿ ನೋಡಿ.