ತಣ್ಣೀರು ಮುಟ್ಟಿದೊಡನೆ ಬೆರಳು ಬಿಳಿಚಿಕೊಳ್ಳುವುದೇಕೆ?

ಪ್ರಶ್ನೆ: ನನಗೆ 27 ವರ್ಷ, ಊರು ಮಡಿಕೇರಿ. ಮೂರು ವರ್ಷಗಳಿಂದ, ಬೆಳಿಗ್ಗೆ ನಲ್ಲಿ ನೀರಿನಲ್ಲಿ ಪಾತ್ರೆ ತೊಳೆಯುವಾಗ ಅಥವಾ ಫ್ರಿಜ್‌ನಿಂದ ಹಾಲಿನ ಪ್ಯಾಕೆಟ್ ತೆಗೆಯುವಾಗ ಎರಡೂ ಕೈಗಳ ಬೆರಳುಗಳು ಬಿಳಿಚಿಕೊಂಡು ಜೋಮು ಹಿಡಿಯುತ್ತವೆ. ಆಮೇಲೆ ನೀಲಿಯಾಗಿ, ಕೊನೆಗೆ ಕೆಂಪಾಗಿ ಉರಿಯುತ್ತವೆ. ರಕ್ತ ಕಡಿಮೆಯಿರಬೇಕೆಂದು ಮನೆಯವರು ಹೇಳುತ್ತಾರೆ. ಆದರೆ ಹಿಮೋಗ್ಲೋಬಿನ್ 12.8 ಇದೆ. ಥರ್ಮಾಮೀಟರ್ ಇಟ್ಟು ನೋಡಿದರೆ ಮೈಬಿಸಿಯೂ ಸರಿಯಾಗಿದೆ. ಉಷ್ಣತೆಯನ್ನು ಕಾಯುವ ವ್ಯವಸ್ಥೆಯೇ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ನೀವು ವಿವರಿಸಿದ ಬಿಳಿ, ನೀಲಿ, ಕೆಂಪು ಎಂಬ ಕ್ರಮವು ರೇನೋ ತೊಂದರೆಯ ಲಕ್ಷಣ. ಫ್ರಾನ್ಸಿನ ವೈದ್ಯ ಮೊರಿಸ್ ರೇನೋ 1862ರಲ್ಲಿ ಇದನ್ನು ವಿವರಿಸಿದ್ದರಿಂದ ಈ ಹೆಸರು ಬಂದಿದೆ. ಚಳಿ ತಾಗಿದಾಗ ಒಳಮೈಯ ಬಿಸಿಯನ್ನು 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಉಳಿಸಿಕೊಳ್ಳಲು ಕೈಕಾಲುಗಳ ಚರ್ಮದ ರಕ್ತನಾಳಗಳು ಸಂಕುಚಿಸುವುದು ಎಲ್ಲರಲ್ಲೂ ಸಹಜ. ನಿಮ್ಮಲ್ಲಿ ಬೆರಳಿನ ಸಣ್ಣ ಅಪಧಮನಿಗಳು ಅಲ್ಪ ತಂಪಿಗೂ ಅತಿಯಾಗಿ ಬಿಗಿದುಕೊಳ್ಳುವುದರಿಂದ ರಕ್ತ ನಿಂತು ಬೆರಳು ಬಿಳಿಚುತ್ತದೆ, ಉಳಿದ ರಕ್ತದಲ್ಲಿ ಆಮ್ಲಜನಕ ಇಳಿದಂತೆ ನೀಲಿಯಾಗುತ್ತದೆ, ನಾಳ ತೆರೆದು ರಕ್ತ ನುಗ್ಗಿದಾಗ ಕೆಂಪೇರಿ ಉರಿಯುತ್ತದೆ. ಹಿಮೋಗ್ಲೋಬಿನ್ ಸರಿಯಿರುವಾಗ ಕಬ್ಬಿಣಾಂಶದ ಟಾನಿಕ್ಕಿನಿಂದ ಇದಕ್ಕೆ ಪ್ರಯೋಜನವಿಲ್ಲ.

ಮೈಯೆಲ್ಲ ತಣ್ಣಗಿದ್ದರೆ ಬೆರಳಿನ ನಾಳಗಳು ಇನ್ನಷ್ಟು ಬಿಗಿಯುತ್ತವೆ. ಆದ್ದರಿಂದ ಕೈಗವಸಷ್ಟೇ ಸಾಲದು. ಸ್ವೆಟರ್, ಟೋಪಿ, ಕಾಲುಚೀಲಗಳೂ ಬೇಕು, ಅದೂ ಚಳಿ ಹಿಡಿಯುವ ಮೊದಲೇ. ಪಾತ್ರೆಗೆ ಉಗುರುಬೆಚ್ಚಗಿನ ನೀರನ್ನು ಬಳಸಿ. ಬೆರಳು ಬಿಳಿಚಿದಾಗ ಕಂಕುಳಲ್ಲಿಟ್ಟುಕೊಳ್ಳಿ. ಬಚ್ಚಲೊಲೆಯ ಮುಂದೆ ಕೈ ಕಾಯಿಸುವ ಅಭ್ಯಾಸ ಮಲೆನಾಡು, ಕೊಡಗಿನ ಮನೆಗಳಲ್ಲಿ ಸಾಮಾನ್ಯವಾದರೂ, ಸ್ಪರ್ಶಜ್ಞಾನವಿಲ್ಲದ ಬೆರಳು ಸುಟ್ಟರೂ ತಿಳಿಯದ ಕಾರಣ ನಿಮಗೆ ಅದು ಬೇಡ.

ಇದು ತಾನಾಗಿಯೇ ಬಂದದ್ದೋ ಬೇರೆ ಕಾಯಿಲೆಯ ಬೆನ್ನಿಗೆ ಬಂದದ್ದೋ ಎಂಬುದು ಮುಖ್ಯ ಪ್ರಶ್ನೆ. ಎಳೆಯ ವಯಸ್ಸಿನಲ್ಲಿ ಆರಂಭವಾಗಿ ಎರಡೂ ಕೈಗಳಲ್ಲಿ ಸಮನಾಗಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ನಿರಪಾಯಕಾರಿ ಬಗೆ. ಆದರೂ ಒಮ್ಮೆ ಕೀಲುವಾತ ತಜ್ಞರನ್ನು ಕಾಣಿರಿ. ರೋಗನಿರೋಧಕ ವ್ಯವಸ್ಥೆಯು ಸ್ವಂತ ದೇಹದ ಮೇಲೆಯೇ ತಿರುಗಿಬೀಳುವ ಸ್ಕ್ಲೀರೋಡರ್ಮಾ, ಲೂಪಸ್‌ನಂಥ ಕಾಯಿಲೆಗಳ ಸುಳಿವಿಗಾಗಿ ಅವರು, ಅಂಥ ಪ್ರತಿಕಾಯಗಳನ್ನು ಹುಡುಕುವ ಎಎನ್‌ಎ ರಕ್ತಪರೀಕ್ಷೆ ಮಾಡಿಸಿ, ಉಗುರಿನ ಬುಡದ ಲೋಮನಾಳಗಳನ್ನು ಭೂತಗನ್ನಡಿಯಲ್ಲಿ ನೋಡುತ್ತಾರೆ. ಕ್ಲಿನಿಕ್ಕಿಗೆ ಹೋಗುವಷ್ಟರಲ್ಲಿ ಬೆರಳು ಸರಿಹೋಗಿರುತ್ತದೆ. ಬಿಳಿಚಿದಾಗಲೇ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಮೈಗ್ರೇನಿಗೆ ಪ್ರೊಪ್ರನೊಲಾಲ್ ಅಥವಾ ಎರ್ಗೊಟಮಿನ್ ತೆಗೆದುಕೊಳ್ಳುತ್ತಿದ್ದರೆ ತಪ್ಪದೆ ತಿಳಿಸಿ, ಏಕೆಂದರೆ ಇವು ತೊಂದರೆಯನ್ನು ಹೆಚ್ಚಿಸಬಲ್ಲವು. ಧೂಮಪಾನವಂತೂ ಕೂಡದು.

ಇಷ್ಟರಿಂದ ಹತೋಟಿಗೆ ಬಾರದಿದ್ದರೆ ನಾಳಗಳನ್ನು ಸಡಿಲಿಸುವ ನಿಫೆಡಿಪಿನ್ ಮಾತ್ರೆಯನ್ನು ವೈದ್ಯರು ಕೊಡಬಹುದು. ತಲೆನೋವು, ಪಾದದ ಊತ ಅದರ ಸಾಮಾನ್ಯ ಅಡ್ಡಪರಿಣಾಮಗಳು. ಬೆರಳ ತುದಿಯಲ್ಲಿ ಹುಣ್ಣಾದರೆ, ಅಥವಾ ಬೆಚ್ಚಗಾದ ಮೇಲೂ ಬಣ್ಣ ಮರಳದೆ ನೋವು ಹೆಚ್ಚಿದರೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು.